ಯಹೂದಿ ಸಂಸ್ಕೃತಿಗೇ ಮೀಸಲಾದ ವೃತ್ತಿಪರ ನಾಟಕ ಕಂಪನಿ ಇಂದಿಗೂ ಇದೆಯೇ?

ಇದೆ. ನ್ಯೂಯಾರ್ಕಿನ ಫೋಕ್ಸ್‌ಬೀನೆ 1915ರಿಂದ ಪೂರ್ವ ಯುರೋಪಿನ ಯಹೂದಿಗಳ ಆಡುಮಾತಾದ ಯಿಡ್ಡಿಷ್ ಭಾಷೆಯಲ್ಲಿ ನಾಟಕವಾಡುತ್ತಾ ಬಂದಿದೆ. ಅಲ್ಲಿಂದ ವಲಸೆ ಬಂದವರು ಹವ್ಯಾಸಿ ತಂಡವಾಗಿ ಕಟ್ಟಿದ್ದು, ವೃತ್ತಿಪರವಾದದ್ದು ಆಮೇಲೆ.

ಆ ಭಾಷೆಯಾಡುತ್ತಿದ್ದ ಲಕ್ಷಾಂತರ ಜನರನ್ನು ನಾಜಿಗಳು ಕೊಂದರು. ಅಮೆರಿಕದಲ್ಲಿ ಹುಟ್ಟಿದ ಮಕ್ಕಳು ಇಂಗ್ಲಿಷಿಗೆ ಹೊರಳಿದರು. ಹಾಗಾದರೆ ಪ್ರೇಕ್ಷಕರು ಯಾರು? ಯಿಡ್ಡಿಷ್ ಬಾರದವರೂ ಬರುತ್ತಾರೆ, ಏಕೆಂದರೆ ಸಂಭಾಷಣೆಯ ಇಂಗ್ಲಿಷ್, ರಷ್ಯನ್ ಅನುವಾದ ಪರದೆಯ ಮೇಲೆ ಮೂಡುತ್ತಿರುತ್ತದೆ.

ಇದು ಬರೀ ಹಳೆಯ ನೆನಪಿನ ಪೂಜೆಯಲ್ಲ ಎನ್ನಲು ನನಗೆ ಒಂದೇ ಪ್ರಯೋಗ ಸಾಕು. 2018ರಲ್ಲಿ ಈ ಕಂಪನಿಗಾಗಿ ಅಮೆರಿಕದ ನಟ ಜೋಯಲ್ ಗ್ರೇ ನಿರ್ದೇಶಿಸಿದ, ಯಹೂದಿ ಹಳ್ಳಿಯೊಂದರ ಕಥೆ ಹೇಳುವ ಇಂಗ್ಲಿಷ್ ಸಂಗೀತ ನಾಟಕ ‘ಫಿಡ್ಲರ್ ಆನ್ ದಿ ರೂಫ್’ನ ಯಿಡ್ಡಿಷ್ ರೂಪ ಕೆಲವೇ ವಾರಗಳಿಗೆಂದು ಆರಂಭವಾಯಿತು. ಜನ ಬಿಡಲಿಲ್ಲ. ಅವಧಿ ಮತ್ತೆ ಮತ್ತೆ ವಿಸ್ತರಣೆಯಾಗಿ, ದೊಡ್ಡ ರಂಗಮಂದಿರಕ್ಕೆ ಸ್ಥಳಾಂತರಗೊಂಡು 2020ರ ಜನವರಿಯವರೆಗೂ ನಡೆಯಿತು.