ನೆದರ್ಲೆಂಡ್ಸ್‌ನ ಫುಟ್‌ಬಾಲ್ ಕ್ಲಬ್ ಪಿಎಸ್‌ವಿ ಐಂಡ್‌ಹೋವನ್‌ನ ಕ್ರೀಡಾಂಗಣಕ್ಕೆ ಫಿಲಿಪ್ಸ್ ಕಂಪನಿಯ ಹೆಸರೇಕೆ? ಅದು ಬರೀ ಜಾಹೀರಾತೇ?

ಅಲ್ಲ. ಇದು ದುಡ್ಡು ಕೊಟ್ಟು ಅಂಟಿಸಿದ ಹೆಸರಲ್ಲ, ಆ ಜಾಗ ಹುಟ್ಟಿದ್ದೇ ಕಾರ್ಖಾನೆಯಿಂದ.

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಫಿಲಿಪ್ಸ್ 1891ರಲ್ಲಿ ಶುರುವಾಯಿತು, ಮೊದಲು ಮಾಡುತ್ತಿದ್ದದ್ದು ವಿದ್ಯುತ್ ಬಲ್ಬು. ಕೆಲಸಗಾರರು ಹೆಚ್ಚಿದಂತೆ 1910ರ ಸುಮಾರಿಗೆ ಕಂಪನಿ ಅವರಿಗಾಗಿ ಫಿಲಿಪ್ಸ್‌ಡಾರ್ಪ್ ಎಂಬ ಬಡಾವಣೆ ಕಟ್ಟಿಸಿತು. ಅದರ ಪಕ್ಕದಲ್ಲೇ ಆಟದ ಬಯಲನ್ನೂ ಸಿದ್ಧಮಾಡಿತು. ಅದೇ ಫಿಲಿಪ್ಸ್ ಸ್ಪೋರ್ಟ್‌ಪಾರ್ಕ್. ಬಲ್ಬು ಮಾಡುವ ಕೈಗಳಿಗೆ ಮನೆಯ ಜೊತೆ ಆಟವೂ ಬೇಕು ಎಂದು ಯೋಚಿಸಿದ್ದು ನನಗೆ ಬಹಳ ಹಿಡಿಸುತ್ತದೆ.

1911ರಲ್ಲಿ ಅಲ್ಲಿ ನಡೆದ ಮೊದಲ ಪಂದ್ಯದಲ್ಲಿ ಚೆಂಡನ್ನು ಮೊದಲು ಒದ್ದವನು ಮಾಲೀಕ ಆಂಟನ್ ಫಿಲಿಪ್ಸ್ ಅವರ ಮಗ, ಐದು ವರ್ಷದ ಪುಟಾಣಿ ಫ್ರಿಟ್ಸ್. ಮುಂದೆ ಅದೇ ಹುಡುಗ ಕಂಪನಿಯ ಅಧ್ಯಕ್ಷರಾದರು. ಆದರೂ ಪಂದ್ಯ ನೋಡಲು ಗಣ್ಯರ ಕೋಣೆಗೆ ಹೋಗದೆ, ಜನರ ನಡುವೆ 43ನೇ ಆಸನದಲ್ಲಿ ಕೂರುತ್ತಿದ್ದರು. 2005ರಲ್ಲಿ, ನೂರು ತುಂಬಿದ ವರ್ಷವೇ ತೀರಿಕೊಂಡರು.

ಇನ್ನು ಪಿಎಸ್‌ವಿ ಎಂದರೆ 'ಫಿಲಿಪ್ಸ್ ಕ್ರೀಡಾ ಸಂಘ' ಎಂಬ ಅರ್ಥದ ಡಚ್ ಹೆಸರಿನ ಮೊದಲಕ್ಷರಗಳು. ಸಂಘ ಹುಟ್ಟಿದ್ದು 1913ರ ಆಗಸ್ಟ್ 31ರಂದು. ಕಾರ್ಖಾನೆಯ ಈ ತಂಡವೇ 1988ರಲ್ಲಿ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಪಂದ್ಯಾವಳಿಯಾದ ಯುರೋಪಿಯನ್ ಕಪ್ ಗೆದ್ದಿತು. ರೊಮಾರಿಯೊ, ರೊನಾಲ್ಡೊ (ಬ್ರೆಜಿಲ್‌ನವರು) ಯುರೋಪಿಗೆ ಬಂದು ಮೊದಲು ಆಡಿದ್ದೂ ಇಲ್ಲೇ. ಈಗಿನ ಸುಮಾರು 35,000 ಆಸನಗಳ ಕ್ರೀಡಾಂಗಣ ನಿಂತಿರುವುದೂ ಆ ಹಳೇ ಬಯಲಿನಲ್ಲೇ.