ಪ್ರತಿಕ್ರಿಯೆ: ತಟ್ಟೆಯ ಬಳಿ ಬಂದು ಹಿಂದೆ ಸರಿಯುವ ಮುದಿ ಬೆಕ್ಕು

ಬಾಡಿಗೆದಾರರು ಬಿಟ್ಟುಹೋದ ಸುಮಾರು ಹತ್ತು ವರ್ಷದ ಬೆಕ್ಕು ತಟ್ಟೆಯ ಬಳಿ ಓಡಿಬಂದು, ಒಂದು ತುತ್ತು ಬಾಯಿಗಿಟ್ಟೊಡನೆ ತಲೆ ಕೊಡವಿ ಜೊಲ್ಲು ಸುರಿಸುತ್ತಾ ಹಿಂದೆ ಸರಿಯುತ್ತದೆ ಎಂದು ನೀವು ಬರೆದಿರುವುದನ್ನು ನೋಡಿದರೆ, ಅದಕ್ಕೆ ಹಸಿವಿದೆ, ಹಲ್ಲು ಮತ್ತು ವಸಡಿನ ನೋವಿನಿಂದ ತಿನ್ನಲಾಗುತ್ತಿಲ್ಲ ಎನಿಸುತ್ತದೆ. ಆದರೆ ಮೂತ್ರಪಿಂಡ ಸೋತಾಗಲೂ ಬಾಯಿ ಹುಣ್ಣಾಗುವುದುಂಟು. ಕಣ್ಣಂದಾಜಿನಲ್ಲಿ ಇವೆರಡನ್ನು ಬೇರ್ಪಡಿಸಲಾಗದು.

ಮೊದಲು ಅದನ್ನು ಮನೆಯ ಇತರ ಬೆಕ್ಕುಗಳಿಂದ ದೂರ, ಪ್ರತ್ಯೇಕ ಕೋಣೆಯಲ್ಲಿ ಇರಿಸಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಮಾಂಸವನ್ನು ಅದೇ ನೀರಿನೊಂದಿಗೆ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಉಗುರುಬೆಚ್ಚಗಿರುವಾಗ ದಿನಕ್ಕೆ ಐದಾರು ಬಾರಿ ಸ್ವಲ್ಪಸ್ವಲ್ಪವೇ ಕೊಡಿ. ಬಹುಕಾಲ ಹಸಿದ ಪ್ರಾಣಿಗೆ ಒಮ್ಮೆಲೇ ಹೊಟ್ಟೆ ತುಂಬಿಸುವುದು ಅಪಾಯಕರ. ನೋವಿಗೆಂದು ಪ್ಯಾರಸಿಟಮಾಲ್ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ. ಇಡೀ ದಿನ ಏನನ್ನೂ ತಿನ್ನದಿದ್ದರೆ ಕಾಯಬೇಡಿ, ಏಕೆಂದರೆ ಉಪವಾಸದಿಂದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಕುತ್ತಾಗಬಹುದು.

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ಹತ್ತಿರದ ಕ್ಲಿನಿಕ್‌ನಲ್ಲೋ ಮೂತ್ರಪಿಂಡ, ಥೈರಾಯ್ಡ್ ಹಾಗೂ ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಎಫ್‌ಐವಿ, ಎಫ್‌ಇಎಲ್‌ವಿ ವೈರಸ್ ಪರೀಕ್ಷೆಗಳನ್ನು ಕೇಳಿ ಮಾಡಿಸಿ. ಹಲ್ಲಿನ ಚಿಕಿತ್ಸೆಗೆ ಬೇಕಾಗುವ ಅರಿವಳಿಕೆಯನ್ನು ತಡೆದುಕೊಳ್ಳುವ ಶಕ್ತಿ ಬೆಕ್ಕಿಗಿದೆಯೇ ಎಂಬುದು ಈ ಪರೀಕ್ಷೆಗಳಿಂದಲೇ ತಿಳಿಯಬೇಕು. ಹಲ್ಲು ಕೀಳಿಸಬೇಕೆಂದರೆ ಹೆದರಬೇಡಿ, ಹಲ್ಲಿಲ್ಲದ ಬೆಕ್ಕುಗಳು ಮೆತ್ತನೆಯ ಆಹಾರ ತಿಂದು ಚೆನ್ನಾಗಿಯೇ ಬದುಕುತ್ತವೆ. ಅದರ ಮೈಮೇಲೆ ಗಂಟುಗಟ್ಟಿದ ಕೂದಲನ್ನೂ ಅರಿವಳಿಕೆಯಲ್ಲಿರುವಾಗಲೇ ಯಂತ್ರದಿಂದ ತೆಗೆಸಿ. ಮನೆಯಲ್ಲಿ ಕತ್ತರಿ ಹಿಡಿದರೆ ಮುದಿ ಬೆಕ್ಕಿನ ತೆಳು ಚರ್ಮ ಗಂಟಿನ ಜೊತೆಗೇ ಎದ್ದುಬಂದು ಕತ್ತರಿಸಿಹೋಗುತ್ತದೆ.

ಚೇತರಿಸಿಕೊಂಡು ತೂಕ ಏರತೊಡಗಿದ ಮೇಲೆ ರೇಬೀಸ್ ಲಸಿಕೆ ಹಾಕಿಸಿ, ಬೇರೆಯವರಿಗೆ ದತ್ತು ಕೊಡುವುದಾದರೆ ಅದರ ಪ್ರಕಟಣೆಯಲ್ಲಿ ಬೆಕ್ಕಿನ ವಯಸ್ಸು, ಪರೀಕ್ಷೆಯ ಫಲಿತಾಂಶ ಮತ್ತು ತಿಂಗಳ ಔಷಧದ ಖರ್ಚನ್ನು ಮುಚ್ಚಿಡದೆ ಬರೆಯಿರಿ; ಕರೆದೊಯ್ಯುವವರ ಬಾಲ್ಕನಿಗೆ ಬಲೆ ಇದೆಯೇ ಎಂದೂ ವಿಚಾರಿಸಿ.