ಹಿಟ್ಟಿನ ಮೂಟೆ ಎಲ್ಲಿಂದ ಬಂತು ಅಂತ ನೋಡು

ತಂಗೀ,

ನೀನು ಬರೆದಿದ್ದನ್ನ ಎರಡು ಸಲ ಓದಿದೆ. ಇಲ್ಲೇ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಚಪಾತಿ, ಸಮೋಸ ಮಾಡಿ ಫ್ರೀಜ್ ಮಾಡೋ ಕಾರ್ಖಾನೆಗೆ ಸೇರಿ ನಾಲ್ಕು ತಿಂಗಳಾಯ್ತು, ಎಲ್ಲ ಸೇರಿ ಹನ್ನೊಂದು ಜನ ಅಂದೆ. ಊಟದ ಹೊತ್ತಲ್ಲಿ ನೀವು ಮೂವರು ಹೆಂಗಸರು ಯಾರಿಗೆ ಗಂಟೆಗೆ ಎಷ್ಟು ಅಂತ ಹೇಳ್ಕೊಂಡ್ರಿ. ಮಾರನೇ ದಿನ ಮಾಲೀಕರು ಕರೆದು, "ಸಂಬಳದ ಮಾತು ಇನ್ನೊಂದು ಸಲ ಕಿವಿಗೆ ಬಿದ್ರೆ ಮನೇಲೇ ಇರಿ" ಅಂದ್ರು. ನಿಮ್ಮಲ್ಲೊಬ್ಬಳು, ಕೆಲಸದವರು ಒಟ್ಟಾಗಿ ಸಂಬಳದ ಮಾತಾಡಬಹುದು ಅನ್ನೋ ಫೆಡರಲ್, ಅಂದ್ರೆ ಇಡೀ ಅಮೆರಿಕದ ಕಾನೂನಿನ ಸುದ್ದಿ ಎತ್ತಿದ್ದಕ್ಕೆ, "ಅದೆಲ್ಲ ದೊಡ್ಡ ಕಂಪನಿಗಳಿಗೆ. ನಮ್ಮದು ಲೋಕಲ್, ಜೆರ್ಸಿ ಬಿಟ್ಟು ಒಂದು ಪ್ಯಾಕೆಟ್ಟೂ ಆಚೆ ಹೋಗಲ್ಲ" ಅಂದ್ರು. ಇದು ನಿಜವಾ ಅಕ್ಕ ಅಂತ ನಿನ್ನ ಪ್ರಶ್ನೆ.

ಪ್ಯಾಕೆಟ್ ಆಚೆ ಹೋಗದೆ ಇರಬಹುದು. ಆದ್ರೆ ಹಿಟ್ಟು ಎಲ್ಲಿಂದ ಬರುತ್ತೆ? ನಾಳೆ ಕೆಲಸಕ್ಕೆ ಹೋದಾಗ ಮೂಟೆ ಮೇಲಿನ ವಿಳಾಸ ಓದು. ಎಣ್ಣೆ ಡಬ್ಬ, ಬಟಾಣಿ ಚೀಲ, ಪ್ಲಾಸ್ಟಿಕ್ ಕವರಿನ ಸುರುಳಿ, ರಟ್ಟಿನ ಪೆಟ್ಟಿಗೆ, ಎಲ್ಲದರ ಮೇಲೂ ಯಾವುದೋ ಒಂದು ಊರಿನ ಹೆಸರಿರುತ್ತೆ. ಫೋಟೋ ಗೀಟೋ ತೆಗೆಯೋಕೆ ಹೋಗಬೇಡ. ನೋಡ್ಕೊಂಡು ಬಂದು ಮನೇಲಿ ಬರೆದಿಡು.

ಯಾಕೆ ಅಂದ್ರೆ, ನೀನು ಕೇಳ್ತಿರೋ ಕಾನೂನು ನೋಡ್ಕೊಳ್ಳೋದು ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ. ಇಲ್ಲಿ ಎನ್‌ಎಲ್‌ಆರ್‌ಬಿ ಅಂತಾರೆ, 1935ರ ಕಾಯ್ದೆಯಿಂದ ಬಂದಿದ್ದು. ಅದು ತಲೆ ಎಣಿಸಲ್ಲ, ರಾಜ್ಯದ ಗಡಿ ದಾಟೋ ಸರಕಿನ ಬೆಲೆ ಎಣಿಸುತ್ತೆ. ಮಾಲು ತಯಾರಿಸೋ ಕಂಪನಿ ವರ್ಷಕ್ಕೆ 50,000 ಡಾಲರಿನಷ್ಟು ಮಾಲನ್ನ ಹೊರ ರಾಜ್ಯಕ್ಕೆ ಮಾರಿದ್ರೆ, ಇಲ್ಲವೇ ಅಷ್ಟರ ಸಾಮಾನನ್ನ ಹೊರ ರಾಜ್ಯದಿಂದ ಕೊಂಡ್ರೆ, ಮಂಡಳಿ ಕೈ ಹಾಕುತ್ತೆ. ಎರಡರಲ್ಲಿ ಒಂದು ಸಾಕು. ಪಕ್ಕದ ಬೀದಿಯ ಹೋಲ್‌ಸೇಲ್ ಅಂಗಡಿಯಿಂದ ಕೊಂಡ್ರೂ, ಆ ಅಂಗಡಿಯವರು ಹೊರಗಿಂದ ತರಿಸಿದ ಸಾಮಾನಾದ್ರೆ ಅದೂ ಲೆಕ್ಕಕ್ಕೆ ಬರುತ್ತೆ. ವಾರಕ್ಕೆ ಸಾವಿರ ಡಾಲರ್ ಅಂತ ಹಿಡಿ, 52 ವಾರಕ್ಕೆ 52,000. ಹನ್ನೊಂದು ಜನ ದಿನವಿಡೀ ಚಪಾತಿ ಲಟ್ಟಿಸೋ ಕಡೆ ವಾರಕ್ಕೆ ಸಾವಿರ ಡಾಲರಿನ ಹಿಟ್ಟು, ಎಣ್ಣೆ, ಕವರು ಖರ್ಚಾಗಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನಂತೂ ನಂಬಲ್ಲ.

ಈ 50,000 ಅನ್ನೋ ಗೆರೆ 1958ರದ್ದು. ಆಗ ಅಷ್ಟು ದುಡ್ಡಿಗೆ ಜೆರ್ಸಿಯಲ್ಲಿ ಎರಡು ಮೂರು ಮನೆ ಬರ್ತಿತ್ತು, ಈಗ ಒಂದು ಒಳ್ಳೆ ಕಾರು ಬರುತ್ತೆ. ಆದ್ರೂ ಗೆರೆ ಅಲ್ಲೇ ಇದೆ. 1959ರಲ್ಲಿ ಇಲ್ಲಿನ ಸಂಸತ್ತು, ಅಂದ್ರೆ ಕಾಂಗ್ರೆಸ್ಸು, ಆ ವರ್ಷದ ಆಗಸ್ಟ್ 1ಕ್ಕೆ ಮಂಡಳಿ ತಗೊಳ್ತಿದ್ದ ಕೇಸುಗಳನ್ನ ಮುಂದೆಯೂ ಬೇಡ ಅನ್ನೋ ಹಾಗಿಲ್ಲ ಅಂತ ಕಟ್ಟು ಮಾಡಿತು. ಅದಕ್ಕೂ ಕಾರಣ ಒಂದು ಚಿಕ್ಕ ಕಾರ್ಖಾನೆ. ಯೂಟಾ ರಾಜ್ಯದಲ್ಲಿ ವಾಯುಪಡೆಗೆ ಫೋಟೋ ಉಪಕರಣ ಮಾಡಿ ಕೊಡ್ತಿದ್ದ ಗಸ್ ಅನ್ನೋವರದ್ದು. ಫೆಡರಲ್ ಮಂಡಳಿ ಚಿಕ್ಕದು ಅಂತ ಕೈಬಿಟ್ಟಿತು. ರಾಜ್ಯದ ಮಂಡಳಿ ಕೈಗೆತ್ತಿಕೊಂಡ್ರೆ, 1957ರಲ್ಲಿ ಸುಪ್ರೀಂ ಕೋರ್ಟು ನಿಮಗೂ ಅಧಿಕಾರ ಇಲ್ಲ ಅಂತು. ಕೆಲಸದವರ ದೂರು ಕೇಳೋರೇ ಇಲ್ಲದೆ ಹೋಯ್ತು. ಅಂಥ ಪಡಿಪಾಟಲು ನೋಡಿದ ಮೇಲೇ ಕಾನೂನು ತಿದ್ದಿದ್ದು. ಈಗ ಮಂಡಳಿ ಬಿಟ್ಟ ಸಣ್ಣ ಕೇಸನ್ನ ರಾಜ್ಯ ತಗೋಬಹುದು.

ನಿಮ್ಮ ಮಾಲೀಕರ ಮಾತನ್ನ ಇದೇ ಜೆರ್ಸಿಯಲ್ಲಿ, ನಿಮ್ಮಲ್ಲಿಂದ ಕಾರಲ್ಲಿ ಅರ್ಧ ಗಂಟೆ ದೂರದ ಸಾಮರ್‌ವಿಲ್‌ನಲ್ಲಿ, ಬಹಳ ಹಿಂದೆಯೇ ಒಬ್ಬರು ಆಡಿದ್ರು. ಫೈನ್‌ಬ್ಲಾಟ್ ಅನ್ನೋರ ಹೊಲಿಗೆ ಕಾರ್ಖಾನೆ. ನ್ಯೂಯಾರ್ಕಿನ ಕಂಪನಿ ಬಟ್ಟೆ ಕಳಿಸೋದು, ಇವರು ಹೆಂಗಸರ ಉಡುಪು ಹೊಲಿದು ಅಲ್ಲೇ ಬಾಗಿಲಲ್ಲಿ ಆ ಕಂಪನಿಯ ಆಳಿಗೆ ಒಪ್ಪಿಸೋದು. ಬಟ್ಟೆ ನಮ್ಮದಲ್ಲ, ಗಡಿ ದಾಟಿಸೋರು ನಾವಲ್ಲ, ನಾವು ಬರೀ ಸೂಜಿ ದಾರದವರು ಅನ್ನೋದು ಅವರ ವಾದ. 1939ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಸರಕು ಯಾರ ಹೆಸರಲ್ಲಿ ಗಡಿ ದಾಟಿತು ಅನ್ನೋದು ಮುಖ್ಯ ಅಲ್ಲ, ತೀರಾ ಕ್ಷುಲ್ಲಕ ಅಲ್ಲದಿದ್ರೆ ವ್ಯಾಪಾರ ಚಿಕ್ಕದು ಅನ್ನೋದೂ ನೆಪ ಆಗಲ್ಲ ಅಂತು.

ನಿನಗೆ ಇಷ್ಟೆಲ್ಲ ಹೇಳೋ ನಾನು ಬಂದ ಹೊಸದರಲ್ಲಿ ಮೋಸ ಹೋದವಳೇ. ನಮ್ಮಪ್ಪ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಓಡಿಸ್ತಿದ್ರು. ಆಗ ಕರೆಂಟಿನಲ್ಲಿ ನಡೆಯೋ ಕಡೆ ಹತ್ತು ಜನ ಆದ್ರೆ ಫ್ಯಾಕ್ಟರಿ ಕಾಯ್ದೆ ಬರುತ್ತೆ ಅಂತ ಅಲ್ಲಿನ ಮಾಲೀಕರು ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು ಬರೆಸ್ತಿದ್ರು. ಹತ್ತನೆಯವನು ಇನ್‌ಸ್ಪೆಕ್ಟರ್ ಬಂದ ದಿನ ಹಿತ್ತಲ ಬಾಗಿಲಿಂದ ಟೀ ಕುಡಿಯೋಕೆ ಹೋಗ್ತಿದ್ದ. ಹಾಗಾಗಿ ಕಾನೂನು ಅಂದ್ರೆ ತಲೆ ಎಣಿಕೆ ಅಂತಲೇ ನನ್ನ ಮನಸ್ಸಲ್ಲಿ ಕೂತಿತ್ತು.

ಇಲ್ಲಿ ನಾನು ಸೇರಿದ್ದು ಲೇಬಲ್ ಅಚ್ಚು ಹಾಕೋ ಒಂದು ಸಣ್ಣ ಜಾಗ. ಜನವರಿಯಲ್ಲಿ ಹೀಟರ್ ಕೆಟ್ಟಿತು. ಗ್ಲೌಸು ಹಾಕ್ಕೊಂಡ್ರೆ ಅಂಟಿನ ಕಾಗದ ಕೈಗೆ ಸಿಗಲ್ಲ, ತೆಗೆದ್ರೆ ಬೆರಳು ಮರಗಟ್ಟುತ್ತೆ. ನಾನೂ ಒಬ್ಬ ಪೆರು ದೇಶದ ಹೆಂಗಸೂ ಒಟ್ಟಿಗೆ ಹೋಗಿ ಕೇಳಿದ್ವಿ. ಆ ಶುಕ್ರವಾರವೇ "ಕೆಲಸ ಕಮ್ಮಿ ಇದೆ" ಅಂತ ಇಬ್ಬರನ್ನೂ ತೆಗೆದ್ರು. ಯಾರೋ ತಿಳಿದೋರು ಇಲ್ಲಿ 15 ಜನ ಇದ್ರೆ ಮಾತ್ರ ಕಾನೂನು ಅಂದ್ರು. ನಾವು ಹದಿನಾಲ್ಕು ಜನ ಇದ್ವಿ. ಒಂದು ತಲೆ ಕಮ್ಮಿ ಅಂತ ಸುಮ್ಮನಾಗಿಬಿಟ್ಟೆ. ಎಂಟು ತಿಂಗಳಾದ ಮೇಲೆ ಲೈಬ್ರರಿಯ ಇಂಗ್ಲಿಷ್ ಕ್ಲಾಸಲ್ಲಿ ಗೊತ್ತಾಯ್ತು, 15 ಅನ್ನೋದು ಜನಾಂಗ, ಲಿಂಗ, ಧರ್ಮ ನೋಡಿ ಭೇದ ಮಾಡಿದ್ರೆ ಹಾಕೋ ಬೇರೆ ಫೆಡರಲ್ ಕೇಸಿನ ಲೆಕ್ಕ ಅಂತ. ಮಂಡಳಿಗೆ ದೂರು ಕೊಡೋಕೆ ಇರೋದು ಆರೇ ತಿಂಗಳು. ನಮ್ಮ ಗಡುವು ದಾಟಿತ್ತು.

ಹೊಟ್ಟೆ ಉರಿಸಿದ್ದು ಏನು ಗೊತ್ತಾ? ನಮ್ಮಂಥದೇ ಕೇಸು ಅದಾಗಲೇ ಗೆದ್ದು ಪುಸ್ತಕ ಸೇರಿತ್ತು. 1959ರ ಜನವರಿ 5, ಬಾಲ್ಟಿಮೋರ್‌ನ ಒಂದು ಮೆಷಿನ್ ಶಾಪಲ್ಲಿ ಕಟ್ಟಡ ಬೆಚ್ಚಗಿಡೋ ಫರ್ನೇಸ್ ಕೆಟ್ಟು, ಚಳಿ ತಡೀಲಾರದೆ ಏಳು ಜನ ಒಟ್ಟಿಗೆ ಎದ್ದು ಮನೆಗೆ ಹೋದ್ರು. ಅವರಿಗೆ ಯೂನಿಯನ್ ಇರಲಿಲ್ಲ. ಏಳೂ ಜನರನ್ನ ತೆಗೆದುಹಾಕಿದ್ರು. 1962ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ಹೇಳಿತು.

ಇದನ್ನ ಸರಿಯಾಗಿ ತಿಳ್ಕೋ. ಯೂನಿಯನ್ ಬೇಕಿಲ್ಲ, ಆದ್ರೆ ಮಾತು ಒಬ್ಬಳದ್ದೇ ಆಗಿರಬಾರದು. ನನಗೊಬ್ಬಳಿಗೆ ಜಾಸ್ತಿ ಕೊಡಿ ಅಂತ ನೀನೊಬ್ಬಳೇ ಕೇಳಿದ್ರೆ ಈ ಕಾನೂನು ನಿನ್ನ ಬೆನ್ನಿಗಿಲ್ಲ. ನೀವು ಮೂವರು ಕೂತು ಸಂಬಳ ಹೋಲಿಸಿದ್ದು ಅದರ ನೆರಳಲ್ಲಿದೆ. ಮಾತಾಡಿದ್ರೆ ಕೆಲಸ ಹೋಗುತ್ತೆ ಅನ್ನೋ ಬೆದರಿಕೆಯೇ ತಪ್ಪು, ಕೆಲಸದಿಂದ ತೆಗೆಯೋ ತನಕ ಕಾಯಬೇಕಿಲ್ಲ. ಮಾಲೀಕರ ಹೆಂಡತಿ, ಮಗ ಅಲ್ಲೇ ಕೆಲಸ ಮಾಡ್ತಾರೆ ಅಂದೆಯಲ್ಲ, ಅವರು ಇದರಡಿ ಬರಲ್ಲ. ಜನರನ್ನ ಸೇರಿಸೋ, ತೆಗೆಯೋ ಅಧಿಕಾರ ಇರೋ ಸೂಪರ್‌ವೈಸರೂ ಅಷ್ಟೇ. ನಿನ್ನನ್ನ ದಿಢೀರಂತ "ಇನ್‌ಚಾರ್ಜ್" ಮಾಡ್ತೀವಿ ಅಂದ್ರೆ ಖುಷಿಪಡೋಕೆ ಮುಂಚೆ ಒಂದು ಸಲ ನನಗೆ ಹೇಳು.

ದೂರಿಗೆ ಫೀಸಿಲ್ಲ, ವಕೀಲರೂ ಬೇಕಿಲ್ಲ. ನಮ್ಮ ಕಡೆಯ ಆಫೀಸು ನೆವಾರ್ಕ್‌ನಲ್ಲಿದೆ. ಸರಕಿನ ಲೆಕ್ಕ ನೀನು ಸಾಬೀತು ಮಾಡೋದಲ್ಲ, ಅದನ್ನ ಮಾಲೀಕರಿಂದಲೇ ಕೇಳಿ ತಗೋತಾರೆ. ಮೂಟೆ ವಿಳಾಸ ಬರೆದಿಡು ಅಂದಿದ್ದು ನಿನಗೇ ಧೈರ್ಯ ಬರಲಿ ಅಂತ. ಮಂಡಳಿಯಿಂದ ಬಹಳ ನಿರೀಕ್ಷೆ ಇಟ್ಕೋಬೇಡ. ಅದು ದಂಡ ಹಾಕಲ್ಲ, ಸಂಬಳ ಏರಿಸಲ್ಲ. ಕೆಲಸ ಹೋಗಿದ್ರೆ ವಾಪಸ್ ಕೊಡಿಸುತ್ತೆ, ಕಳೆದುಕೊಂಡ ಕೂಲಿ ಕೊಡಿಸುತ್ತೆ, ಗೋಡೆಗೆ ನೋಟಿಸ್ ಅಂಟಿಸುತ್ತೆ. ಅದೂ ನಿಧಾನ. 2025ರಲ್ಲಂತೂ ವರ್ಷದ ಬಹುಪಾಲು ಮಂಡಳಿಗೆ ಕೋರಮ್ಮೇ, ಅಂದ್ರೆ ತೀರ್ಪು ಕೊಡೋಕೆ ಬೇಕಾದಷ್ಟು ಸದಸ್ಯರೇ, ಇರಲಿಲ್ಲ. ಓವರ್‌ಟೈಮ್ ಬಾಕಿಯ ವಿಷಯ ಬೇರೆ, ಅದನ್ನ ರಾಜ್ಯದ ಕಾರ್ಮಿಕ ಇಲಾಖೆಗೆ ಹಾಕಬೇಕು. ಎರಡನ್ನೂ ಒಂದೇ ಅರ್ಜಿಗೆ ತುರುಕಬೇಡ.

ಆ ಮಾತು ಯಾವ ತಾರೀಖು ಆಡಿದ್ರು, ಯಾರು ಯಾರು ಕೇಳಿಸ್ಕೊಂಡ್ರು, ಇವತ್ತೇ ಬರೆದಿಡು. ಉಳಿದ ಇಬ್ಬರನ್ನೂ ಕೇಳು, ಅವರಿಗೆ ಮನಸ್ಸಿಲ್ಲದಿದ್ರೆ ಎಳೆಯಬೇಡ. ಶನಿವಾರ ಮಧ್ಯಾಹ್ನ ಮೂವರೂ ನಮ್ಮ ಮನೆಗೆ ಬನ್ನಿ, ಬಿಸಿಬೇಳೆಬಾತ್ ಮಾಡಿರ್ತೀನಿ. ಫಾರಂ ಒಟ್ಟಿಗೆ ಓದೋಣ.